ಇವೆಲ್ಲ ಅವಳದೇ ಮಾತುಗಳು

ಸೆಪ್ಟೆಂಬರ್ 4, ಸೋಮವಾರ

ಅಂಗಡಿ ತೆರೆಯಲು ಇನ್ನೂ ಅರ್ಧ ಗಂಟೆ ಇದೆ. ಹೋದ ವರ್ಷದ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಅದರಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಸತ್ತು ಇಪ್ಪತ್ತಮೂರು ದಿನ. ರಸ್ತೆ ದಾಟುವಾಗ ಕಾರು ಹೊಡೆಯಿತು. ಜೊತೆಯಲ್ಲಿದ್ದ ಮಗಳ ಬಲಗೈ ಮಣಿಕಟ್ಟು ಎರಡು ಕಡೆ ಮುರಿದು, ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಭಾವ ಬೇರೆ ಸಂಸಾರ ಮಾಡಿಕೊಂಡು ಹತ್ತು ವರ್ಷವಾಯಿತು. ಹಾಗಾಗಿ ಹುಡುಗಿ ನನ್ನ ಜೊತೆ ಇದ್ದಾಳೆ. ಹದಿನಾರು ವರ್ಷ. ಅಕ್ಕ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದಳು. ನಾನೂ ಹಾಗೇ ಕರೆಯುತ್ತೇನೆ.

ಹೀಗೆ ಸಾಲಾಗಿ ಬರೆದರೆ ಏನೂ ಅನ್ನಿಸುವುದಿಲ್ಲ. ಬರೆಯದಿದ್ದಾಗಲೂ ಅನ್ನಿಸುತ್ತಿರಲಿಲ್ಲ. ಹಾಗಿದ್ದರೆ ಯಾಕೆ ಬರೆಯುತ್ತಿದ್ದೇನೆ? ನನ್ನ ಓದೆಲ್ಲ ಇಂಗ್ಲಿಷಿನಲ್ಲಿ ಆಯಿತು. ಕನ್ನಡ ಅಕ್ಕನ ಜೊತೆ ಹರಟುವ ಭಾಷೆ. ಕಡ್ಡಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಭ್ಯಾಸ ತಪ್ಪಬಾರದು ಎಂದಿರಬಹುದು.

ಅಕ್ಕ ಹೊಸ ಕನ್ನಡಕಕ್ಕೆ ನನ್ನ ಹತ್ತಿರವೇ ಕಣ್ಣು ತೋರಿಸಿಕೊಂಡಿದ್ದಳು. ಗಾಜು ಸಿದ್ಧವಾಗಿ ಬಂದದ್ದು ಅವಳು ಹೋದ ನಾಲ್ಕನೇ ದಿನ. ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಒರೆಸಿದೆ.

ಸೆಪ್ಟೆಂಬರ್ 6, ಬುಧವಾರ

ಶಾಲೆಯಿಂದ ಚೀಟಿ ಬಂತು. ಇಂಗ್ಲಿಷ್ ಸಾಹಿತ್ಯದಲ್ಲಿ ಎರಡು, ತತ್ವಶಾಸ್ತ್ರದಲ್ಲಿ ಎರಡು ಪ್ರಬಂಧ ಬಾಕಿ. ತಿಂಗಳ ಕೊನೆಯೊಳಗೆ ಕೊಡದಿದ್ದರೆ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ. ಮುಂದಿನ ವರ್ಷವೂ ಇದೇ ತರಗತಿ.

ಕೈ ಮುರಿದವರಿಗೆ ಶಾಲೆಯಲ್ಲಿ ಒಂದು ಅನುಕೂಲ ಇದೆಯಂತೆ. ಹುಡುಗಿ ಬಾಯಲ್ಲಿ ಹೇಳಬೇಕು, ಮನೆಯ ಹಿರಿಯರೊಬ್ಬರು ಬರೆದುಕೊಳ್ಳಬೇಕು. ಕೊನೆಯಲ್ಲಿ ಬರೆದವರು ಎರಡು ವಾಕ್ಯ ಸೇರಿಸಿ ಸಹಿ ಹಾಕಬೇಕು: ‘ಇವೆಲ್ಲ ಅವಳದೇ ಮಾತುಗಳು. ನಾನು ಏನೂ ಸೇರಿಸಿಲ್ಲ.’

“ಈ ಚೀಟಿ ನೋಡಿದ್ಯಾ?” ಎಂದೆ.

“ನೋಡ್ದೆ.”

“ಒಂದು ವರ್ಷ ಹೋಗುತ್ತೆ ಕಣೇ.”

“ಹೋಗ್ಲಿ ಬಿಡು. ಎಲ್ಲಿಗೆ ಹೋಗುತ್ತೆ?”

ಅಕ್ಕ ಇದ್ದಿದ್ದರೆ ಒಂದು ಬಾರಿಸುತ್ತಿದ್ದಳು. ನಾನು ತಟ್ಟೆ ತೊಳೆದೆ.

ಸೆಪ್ಟೆಂಬರ್ 11, ಸೋಮವಾರ

ನಿನ್ನೆ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತೆ. ಕಡ್ಡಿ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪ್ಲಾಸ್ಟರಿನ ಕೈ ಮಾತ್ರ ದಿಂಬಿನ ಮೇಲೆ ಯಾರೋ ಮರೆತುಬಿಟ್ಟ ಸಾಮಾನಿನ ಹಾಗೆ ಇತ್ತು.

ಮೊದಲನೆಯದು ಒಂದು ಪದ್ಯದ ಬಗ್ಗೆ. ಅದರಲ್ಲಿ ಒಬ್ಬ ಹೆಂಗಸು ದಿನಾ ಮನೆ ಗುಡಿಸುತ್ತಾಳೆ. ಗಂಡ ಕೂರುತ್ತಿದ್ದ ಕುರ್ಚಿಯ ಸುತ್ತಲೂ ಗುಡಿಸುತ್ತಾಳೆ, ಕುರ್ಚಿಯನ್ನು ಮಾತ್ರ ಸರಿಸುವುದಿಲ್ಲ. ಯಾಕೆ, ಎಂದು ಪ್ರಶ್ನೆ.

“ಸೋಮಾರಿ ಇರ್ಬೇಕು,” ಎಂದಿತು ಗೋಡೆ ಕಡೆಯ ಮುಖ.

“ಒಂದೂವರೆ ಪುಟ ಬೇಕಂತೆ.”

“ತುಂಬಾ ಸೋಮಾರಿ ಅಂತ ಬರಿ.”

ಕಾದೆ. ಗಡಿಯಾರ ನೋಡಿದೆ. ಹದಿನೇಳು ನಿಮಿಷ.

“ನೀನೇ ಏನಾದ್ರೂ ಬರಿ ಚಿಕ್ಕಮ್ಮ. ನಿನ್ನ ಇಂಗ್ಲಿಷ್ ಚೆನ್ನಾಗಿದೆಯಲ್ಲ.”

ಬರೆದೆ. ಒಂದೂವರೆ ಪುಟ, ಮುಕ್ಕಾಲು ಗಂಟೆ. ಬರೆದದ್ದು ತೀರಾ ನೀಟಾಗಿ ಕಂಡಿತು. ಆಗ ಅಕ್ಕನ ಪಾಠ ನೆನಪಾಯಿತು. ಆರನೇ ಕ್ಲಾಸಿನಲ್ಲಿ ನನ್ನ ಇಂಗ್ಲಿಷ್ ಪ್ರಬಂಧಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ನಾನು ನಕಲು ಮಾಡುವಾಗ ಪಕ್ಕದಲ್ಲಿ ನಿಂತು, “ಎರಡು ಕಡೆ ಬರೆದು ಹೊಡೆದುಹಾಕೇ. ಹೊಡೆದುಹಾಕದೆ ಯಾರೂ ಬರೆಯಲ್ಲ. ಇಲ್ಲಾಂದ್ರೆ ಸಿಕ್ಕಿಬೀಳ್ತೀಯ,” ಎನ್ನುತ್ತಿದ್ದಳು. ಎರಡು ಕಡೆ ಬೇಕೆಂದೇ ಬೇರೆ ಪದ ಬರೆದು ಹೊಡೆದುಹಾಕಿದೆ. ಸಹಿ ಹಾಕಿದೆ.

ಇದು ತಪ್ಪೇ? ಒಂದು ವರ್ಷ ಉಳಿಯುತ್ತದೆ. ಹುಡುಗಿಗೆ ಈಗ ಬೇಕಾದದ್ದು ನೆಮ್ಮದಿ, ಪ್ರಬಂಧವಲ್ಲ. ಹೀಗೆಂದು ಬರೆದ ಮೇಲೂ ಪ್ರಶ್ನೆ ಉಳಿದೇ ಇದೆ, ಆದರೆ ಚುಚ್ಚುವುದಿಲ್ಲ. ಕನ್ನಡಕ ಒರೆಸಿದೆ.

ಸೆಪ್ಟೆಂಬರ್ 14, ಗುರುವಾರ

ಹನ್ನೊಂದು ಜನರ ಕಣ್ಣು ನೋಡಿದೆ. ಎರಡನೇ ಪ್ರಬಂಧ ಮುಗಿಸಿದೆ. ಕನ್ನಡಕ ಒರೆಸಿದೆ.

ಸೆಪ್ಟೆಂಬರ್ 16, ಶನಿವಾರ

ಕುರ್ಚಿಯ ಪ್ರಬಂಧ ವಾಪಸು ಬಂದಿದೆ. ಅಂಚಿನಲ್ಲಿ ಇಂಗ್ಲಿಷ್ ಮೇಡಂ ಹಸಿರು ಶಾಯಿಯಲ್ಲಿ ಬರೆದಿದ್ದಾರೆ: ‘ನಿನ್ನ ವಯಸ್ಸಿಗೆ ಮೀರಿದ ತಿಳಿವಳಿಕೆ.’ ನಗು ಬರಬೇಕಿತ್ತು. ಅದನ್ನು ಅಂಗಡಿಗೆ ತಂದು ಐದು ಸಲ ಓದಿದೆ.

ನಲವತ್ತನಾಲ್ಕು ವರ್ಷದವಳಿಗೆ ಹದಿನಾರರ ಹೆಸರಿನಲ್ಲಿ ಸಿಕ್ಕ ಮೆಚ್ಚುಗೆ ಯಾರದ್ದು?

“ಏನ್ ಮೇಡಂ, ಪ್ರೇಮಪತ್ರನಾ?” ಎಂದರು ಅಂಗಡಿಯ ಯಜಮಾನರು, ಗಾಜು ಉಜ್ಜುವ ಯಂತ್ರದ ಹಿಂದಿನಿಂದ.

“ಹೋಮ್‌ವರ್ಕ್.”

“ಈ ವಯಸ್ಸಲ್ಲಾ? ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿಯೋ ಹಾಗೆ ಓದ್ತಾ ಇದ್ದೀರಲ್ಲ, ಅದಕ್ಕೆ ಕೇಳ್ದೆ.”

ನಾನು ಹಾಳೆಯನ್ನು ಖಾನೆಯೊಳಗೆ ತಳ್ಳಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ತತ್ವಶಾಸ್ತ್ರದ ಮೊದಲನೆಯದನ್ನೂ ಮುಗಿಸಿದ್ದೇನೆ. ‘ಸುಳ್ಳು ಹೇಳುವುದು ಎಂದಾದರೂ ಸರಿಯೇ?’ ಸರಿಯಲ್ಲ ಎಂದು ಎರಡು ಪುಟ ಬರೆದು ಕೆಳಗೆ ಸುಳ್ಳು ಸಹಿ ಹಾಕಿದೆ. ಅಕ್ಕನಿಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಹೇಳೋಣವೆಂದು ಫೋನ್ ಕೈಗೆತ್ತಿಕೊಂಡೆ. ಕೆಳಗಿಟ್ಟೆ. ಆಮೇಲೆ ಎರಡೂವರೆಗೆ ಬರುವ ಗಿರಾಕಿ ಬಂದರು.

ಸೆಪ್ಟೆಂಬರ್ 19, ಮಂಗಳವಾರ

ಕೊನೆಯ ಪ್ರಶ್ನೆ: ‘ಇನ್ನೊಬ್ಬರ ನೋವನ್ನು ತಿಳಿಯುವುದು ಸಾಧ್ಯವೇ? ನಿಮ್ಮ ಬದುಕಿನಿಂದ ಒಂದು ಉದಾಹರಣೆ ಕೊಡಿ.’

ನಿನ್ನೆ ದಿನವಿಡೀ ಅಂಗಡಿಯಲ್ಲಿ ಇದೇ ತಲೆಯಲ್ಲಿತ್ತು. ನನ್ನ ಕೆಲಸವೂ ಒಂದು ರೀತಿಯಲ್ಲಿ ಇದೇ. ಗಿರಾಕಿಯ ಮೂಗಿನ ಮೇಲೆ ಕಬ್ಬಿಣದ ಫ್ರೇಮ್ ಕೂರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳುತ್ತೇನೆ: “ಇದು ಚೆನ್ನಾಗಿ ಕಾಣುತ್ತಾ, ಅದಾ?” ಅವರ ಕಣ್ಣೊಳಗೆ ಹೊಕ್ಕು ನೋಡಲು ನನಗೆ ಆಗುವುದಿಲ್ಲ. ಅವರು ಹೇಳಿದ್ದನ್ನು ನಂಬಬೇಕು. ಕೇಳದೆ ನಾನೇ ನಂಬರು ಊಹಿಸಿ ಬರೆದರೆ ಗಿರಾಕಿಗೆ ತಲೆನೋವು ಗ್ಯಾರಂಟಿ.

ಸಂಜೆ ಮನೆಗೆ ಹೋಗಿ ಬರೆದೆ. ಕಡ್ಡಿ ಏನು ಹೇಳಬಹುದಿತ್ತೋ ಅದನ್ನು, ಅವಳ ಜಾಗದಲ್ಲಿ ಕೂತು. ‘ಅಮ್ಮ ಸತ್ತ ಮೇಲೆ ನಾನು ಒಂದು ಸಲವೂ ಅತ್ತಿಲ್ಲ. ಎಲ್ಲರೂ ನನ್ನ ಕಣ್ಣನ್ನೇ ನೋಡುತ್ತಾರೆ, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕಾಯುವವರ ಹಾಗೆ. ನನಗೆ ಶೂ ಲೇಸ್ ಕಟ್ಟಲು ಅವಳೇ ಕಲಿಸಿದ್ದು, ಮಂಚದ ಕಾಲಿಗೆ ದಾರ ಕಟ್ಟಿ. ಈಗ ಲೇಸ್ ಕಟ್ಟುವಾಗ ಬೆರಳುಗಳಿಗೆ ನೆನಪಾಗುತ್ತದೆ, ನನಗೆ ಆಗುವುದಿಲ್ಲ. ನನ್ನ ನೋವು ನನಗೇ ತಿಳಿಯದಿರುವಾಗ ಇನ್ನೊಬ್ಬರಿಗೆ ತಿಳಿಯುವುದು ಹೇಗೆ?’

ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿದೆ. ನಿಲ್ಲಿಸದೆ ಬರೆದೆ. ಈ ಸಲ ಹೊಡೆದುಹಾಕಲು ಮರೆತೆ. ಇವತ್ತು ಬೆಳಿಗ್ಗೆ ಅವಳ ಬ್ಯಾಗಿಗೆ ಹಾಕಿದೆ. ಅವಳು ಬಿಡಿಸಿ ನೋಡಲಿಲ್ಲ.

ಹುಡುಗಿಯನ್ನು ಈಗ ಸ್ವಲ್ಪ ಅರ್ಥ ಮಾಡಿಕೊಂಡಿದ್ದೇನೆ ಅನ್ನಿಸುತ್ತದೆ.

ಸೆಪ್ಟೆಂಬರ್ 23, ಶನಿವಾರ

ನಿನ್ನೆ ಸಂಜೆ ಆರೂವರೆಗೆ ಮನೆಗೆ ಹೋದಾಗ ಕಡ್ಡಿ ಬಾಗಿಲಲ್ಲೇ ನಿಂತಿದ್ದಳು. ಯೂನಿಫಾರ್ಮ್ ಬದಲಿಸಿರಲಿಲ್ಲ.

“ಏನು ಬರೆದೆ ನೀನು?”

“ಯಾವುದರಲ್ಲಿ?”

“ಮೇಷ್ಟ್ರು ಇವತ್ತು ಕ್ಲಾಸಲ್ಲಿ ಓದಿದ್ರು. ‘ಹೆಸರು ಹೇಳಲ್ಲ, ನಿಮ್ಮಲ್ಲೇ ಒಬ್ಬರು ಬರೆದದ್ದು’ ಅಂದ್ರು. ಹೆಸರು ಯಾಕೆ ಬೇಕು? ಕ್ಲಾಸಲ್ಲಿ ಅಮ್ಮ ಸತ್ತಿರೋದು ನಂಗೊಬ್ಬಳಿಗೇ.”

ನಾನು ಬ್ಯಾಗು ಇಳಿಸಿದೆ.

“ಒಂದು ಸಲಾನೂ ಅತ್ತಿಲ್ಲ ಅಂತೆ. ಯಾರು ಹೇಳಿದ್ದು ನಿಂಗೆ? ನಾನು ದಿನಾ ಅಳ್ತೀನಿ ಚಿಕ್ಕಮ್ಮ. ಎರಡನೇ ಪೀರಿಯಡ್ ಆದ್ಮೇಲೆ, ಮಹಡಿ ಮೇಲಿನ ಟಾಯ್ಲೆಟ್‌ನಲ್ಲಿ. ನನ್ನ ಫ್ರೆಂಡು ನನ್ನ ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಾಳೆ, ಯಾರೂ ಬರದೇ ಇರ್ಲಿ ಅಂತ. ಇವತ್ತು ಅವಳು ಕೇಳಿದ್ಳು, ‘ಹಾಗಾದ್ರೆ ಇಷ್ಟು ದಿನ ಒಳಗೆ ಏನು ಮಾಡ್ತಿದ್ದೆ?’ ಅಂತ.”

“ನನಗೆ ಗೊತ್ತಿರಲಿಲ್ಲ.”

“ಕೇಳಿದ್ರೆ ತಾನೇ ಗೊತ್ತಾಗೋದು! ಆ ಲೇಸಿನ ಕಥೆ ಯಾರದ್ದು? ಅಮ್ಮ ನಂಗೆ ಲೇಸ್ ಕಟ್ಟೋಕೆ ಕಲಿಸ್ಲೇ ಇಲ್ಲ. ‘ನಂಗೆ ಪುರುಸೊತ್ತಿಲ್ಲ ತಾಯಿ’ ಅಂತ ಪಟ್ಟಿ ಅಂಟಿಸೋ ಶೂ ತಂದುಕೊಟ್ಳು. ಇವತ್ತಿಗೂ ನಂಗೆ ಲೇಸ್ ಕಟ್ಟೋಕೆ ಸರಿಯಾಗಿ ಬರಲ್ಲ.”

“ಅದು…”

“ಅದು ನೀನು. ಆ ಪೂರ್ತಿ ಪುಟ ನೀನೇ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಧಡಾರನೆ ಅಲ್ಲ, ಮೆಲ್ಲಗೆ. ಎಡಗೈಯಲ್ಲಿ ಅಷ್ಟೇ ಆಗುವುದು.

ಅವಳು ಹೇಳಿದ್ದನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಸರಿ. ದಾರ ಕಟ್ಟಿದ್ದು ನಮ್ಮ ಹಳೆಯ ಮನೆಯ ಮಂಚಕ್ಕೆ. ನನಗೆ ಆಗ ಐದು, ಅಕ್ಕನಿಗೆ ಒಂಬತ್ತು. ನಾನು ಅತ್ತಿಲ್ಲ ಎನ್ನುವುದೂ ನಿಜ. ನಾನದನ್ನು ಗಮನಿಸಿಯೇ ಇರಲಿಲ್ಲ.

ಕನ್ನಡಕ ಒರೆಸಿ ಬಂದೆ.

ಸೆಪ್ಟೆಂಬರ್ 25, ಸೋಮವಾರ

ಯಜಮಾನರಿಗೆ ಎರಡು ಗಂಟೆ ರಜೆ ಕೇಳಿ ಶಾಲೆಗೆ ಹೋದೆ. ತತ್ವಶಾಸ್ತ್ರದ ಮೇಷ್ಟ್ರು ನನಗಿಂತ ಚಿಕ್ಕವರು. ಅವರ ಕನ್ನಡಕದ ಒಂದು ಕಡ್ಡಿ ಸಡಿಲವಾಗಿತ್ತು. ಮಾತಾಡುವಾಗೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ನಾಲ್ಕೂ ನಾನೇ ಬರೆದದ್ದು ಸರ್. ಅವಳು ಒಂದು ಮಾತೂ ಹೇಳಿಲ್ಲ. ಅವಳಿಗೆ ಅದರಲ್ಲಿ ಏನಿದೆ ಅಂತಾನೂ ಗೊತ್ತಿರಲಿಲ್ಲ.”

“ಸುಳ್ಳಿನ ಬಗ್ಗೆ ಬರೆದದ್ದೂ?”

“ಅದೂ.”

ಅವರ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು.

“ಮೂವತ್ತು ಮಕ್ಕಳ ಎದುರು ಓದಿಬಿಟ್ಟೆನಲ್ಲ ನಾನು. ಅವಳನ್ನ ಒಂದು ಮಾತು ಕೇಳಬೇಕಿತ್ತು. ಚೆನ್ನಾಗಿದೆ ಅನ್ನೋದೊಂದೇ ತಲೇಲಿತ್ತು.”

“ಇದಕ್ಕೆ ಅವಳ ವರ್ಷ ಹೋಗಬಾರದು ಸರ್.”

“ಈ ನಾಲ್ಕನ್ನೂ ನಾನು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಇಂಗ್ಲಿಷ್ ಮೇಡಂ ಜೊತೆ ಮಾತಾಡ್ತೀನಿ. ಅಕ್ಟೋಬರ್ ನಾಲ್ಕರವರೆಗೆ ಟೈಮ್ ಕೊಡ್ತೀವಿ. ಅಷ್ಟರಲ್ಲಿ ನಾಲ್ಕೂ ಹೊಸದಾಗಿ ಬರಬೇಕು. ಅವಳ ಬಾಯಿಂದ. ಬರಲಿಲ್ಲ ಅಂದ್ರೆ ನನ್ನ ಕೈಯಲ್ಲೂ ಏನಿಲ್ಲ.”

“ಬರೆದುಕೊಳ್ಳೋಕೆ ಬೇರೆ ಯಾರನ್ನಾದರೂ ಹುಡುಕಲಾ?”

“ಅದನ್ನ ನನ್ನ ಕೇಳಬೇಡಿ. ಅವಳನ್ನ ಕೇಳಿ.”

ಏಳುವ ಮೊದಲು ಅವರ ಕನ್ನಡಕ ಇಸಿದುಕೊಂಡು, ನನ್ನ ಚೀಲದಲ್ಲಿದ್ದ ಸಣ್ಣ ತಿರುಪುಳಿಯಿಂದ ಕಡ್ಡಿ ಬಿಗಿ ಮಾಡಿಕೊಟ್ಟೆ. ಯಾಕೆ ಮಾಡಿದೆನೋ. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಸೆಪ್ಟೆಂಬರ್ 26, ಮಂಗಳವಾರ

ಕಡ್ಡಿಗೆ ತಪ್ಪಾಯಿತು ಎಂದೆ. ಅವಳು ಗೋಡೆ ನೋಡುತ್ತಾ ಕೇಳಿಸಿಕೊಂಡಳು. ಬೇರೆಯವರನ್ನು ಹುಡುಕಲೇ ಎಂದು ಕೇಳಿದೆ.

“ಬೇರೆಯವರ ಹತ್ರ ನಾನು ಹೇಳಲ್ಲ.”

“ಹಾಗಾದರೆ ವರ್ಷ?”

ಎದ್ದು ಬಂದು ಮೇಜಿನ ಎದುರು ಕುರ್ಚಿಯಲ್ಲಿ ಕೂತಳು.

“ನಿನ್ನ ಪುಟ ಸುಳ್ಳು ಅಂತ ಅವಳಿಗೆ ಹೇಳಿದ್ದೀನಿ, ನನ್ನ ಫ್ರೆಂಡಿಗೆ. ‘ಹಾಗಾದ್ರೆ ನಿಜವಾದ್ದು ಎಲ್ಲಿ?’ ಅಂದ್ಳು. ಬರಿ. ನಾನು ಹೇಳಿದ್ದು ಮಾತ್ರ. ಒಂದು ಅಕ್ಷರ ಜಾಸ್ತಿ ಆಗ್ಬಾರ್ದು.”

ಕಡ್ಡಿ ಮುರಿದ ಹಾಗೆ ಹೇಳಿದಳು, ಥೇಟ್ ಅಕ್ಕ.

ಸೆಪ್ಟೆಂಬರ್ 28, ಗುರುವಾರ

ಎರಡು ಸಂಜೆಯಲ್ಲಿ ಎರಡು ಮುಗಿದವು. ಹೇಳುವಾಗ ಅವಳು ಮನೆ ತುಂಬ ಓಡಾಡುತ್ತಾಳೆ, ಪ್ಲಾಸ್ಟರನ್ನು ಕದಗಳಿಗೆ ತಟ್ಟುತ್ತಾ. ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಬೈಯುವುದು ಕನ್ನಡದಲ್ಲಿ.

ಕುರ್ಚಿಯ ಪದ್ಯಕ್ಕೆ ಅವಳ ಉತ್ತರ ಇದು: ಆ ಹೆಂಗಸು ಕುರ್ಚಿ ಸರಿಸುವುದಿಲ್ಲ, ಯಾಕೆಂದರೆ ಸರಿಸಿದರೆ ಕೆಳಗಿನ ಧೂಳು ಕಾಣುತ್ತದೆ. ಧೂಳು ಎಷ್ಟಿದೆ ಎಂದು ನೋಡಿದರೆ ಎಷ್ಟು ದಿನವಾಯಿತೆಂದು ಗೊತ್ತಾಗಿಬಿಡುತ್ತದೆ.

ನಾನು ಒಂದೂವರೆ ಪುಟದಲ್ಲಿ ಇದರ ಹತ್ತಿರವೂ ಹೋಗಿರಲಿಲ್ಲ.

“ಓದು ನೋಡೋಣ,” ಎಂದಳು. ಓದಿದೆ.

“ತಡಿ ತಡಿ. ‘ನಿಸ್ಸಂದೇಹವಾಗಿ’ ಎಲ್ಲಿಂದ ಬಂತು? ಅದು ನಾನು ಹೇಳಿದ್ದಲ್ಲ.”

“ವಾಕ್ಯ ಚೆನ್ನಾಗಿ ನಿಲ್ಲುತ್ತೆ ಅಂತ…”

“ನಿಲ್ಲೋದು ಬೇಡ, ಬಿದ್ದೋಗ್ಲಿ. ತೆಗಿ.”

ಹೊಡೆದುಹಾಕಿದೆ. ಎರಡು ಪುಟದಲ್ಲಿ ಹನ್ನೊಂದು ಕಡೆ ಹೊಡೆದುಹಾಕಿದ್ದೇನೆ. ಅವಳು ಹೇಳದ್ದನ್ನು ಅಷ್ಟು ಸಲ ಬರೆದಿದ್ದೆ. ಗೊತ್ತಿಲ್ಲದೇ ಬರೆಯುತ್ತೇನೆ ಎನ್ನುವುದು ಆಶ್ಚರ್ಯ.

ರಾತ್ರಿ ಊಟಕ್ಕೆ ಅವಳು ಎರಡನೇ ಸಲ ಹಾಕಿಸಿಕೊಂಡಳು. ನಾನೂ.

ಅಕ್ಟೋಬರ್ 2, ಸೋಮವಾರ

ಇವತ್ತು ಏಳುವುದೇ ತಡವಾಯಿತು. ಅಂಗಡಿಗೆ ಓಡಿ ಬಂದೆ. ಕನ್ನಡಕ ಒರೆಸಿದೆನೋ ಇಲ್ಲವೋ ನೆನಪಿಲ್ಲ.

ನಿನ್ನೆ ಮಧ್ಯಾಹ್ನ ಕೊನೆಯದನ್ನು ಬರೆದೆವು. ಸುಳ್ಳಿನ ಪ್ರಬಂಧ ಮೊನ್ನೆಯೇ ಮುಗಿದಿತ್ತು. ಅದರಲ್ಲಿ ಅವಳು ಸುಳ್ಳು ಕೆಲವು ಸಲ ಸರಿ, ಆದರೆ ಸಹಿ ಹಾಕಿ ಹೇಳಬಾರದು ಎಂದು ಬರೆಸಿದಳು. ಬರೆದುಕೊಂಡೆ. ಏನು ಮಾಡಲಿ, ಅವಳದೇ ಮಾತು.

ಉಳಿದದ್ದು ನೋವಿನ ಪ್ರಶ್ನೆ. ಅವಳು ಅದನ್ನೇ ಕೊನೆಗೆ ಇಟ್ಟುಕೊಂಡಿದ್ದಳು. ಈ ಸಲ ಓಡಾಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳತೊಡಗಿದಳು. ನಾನು ತಲೆ ಬಗ್ಗಿಸಿ ಬರೆದುಕೊಂಡೆ. ಆ ಪುಟವನ್ನು ಇಲ್ಲಿ ಕನ್ನಡದಲ್ಲಿ ಇಡುತ್ತೇನೆ.

‘ನನ್ನ ಚಿಕ್ಕಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಮ್ಮ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಿಲ್ಲ. ಅವರಿಗೆ ಏನೂ ಅನ್ನಿಸಿಲ್ಲ ಎಂದು ನನಗೆ ಕೋಪ ಇತ್ತು. ನಮ್ಮ ಕಿಟಕಿಯಲ್ಲಿ ಅಮ್ಮನ ಹೊಸ ಕನ್ನಡಕ ಇದೆ. ಅಮ್ಮ ಅದನ್ನು ಒಂದು ಸಲವೂ ಹಾಕಿಕೊಳ್ಳಲಿಲ್ಲ. ಚಿಕ್ಕಮ್ಮ ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಾರೆ. ಮೊದಲು ಬಾಯಿಂದ ಆವಿ ಊದಿ, ಆಮೇಲೆ ಬಟ್ಟೆಯಿಂದ. ಒರೆಸಿ ಬೆಳಕಿಗೆ ಹಿಡಿದು ನೋಡುತ್ತಾರೆ, ಗಿರಾಕಿ ಹೊರಗೆ ಕಾಯುತ್ತಿರುವ ಹಾಗೆ. ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಒರೆಸುವುದನ್ನು ನಿಲ್ಲಿಸಲಿಲ್ಲ. ಏನು ಮಾಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಆದ್ದರಿಂದ ನನ್ನ ಉತ್ತರ: ಇನ್ನೊಬ್ಬರ ನೋವನ್ನು ತಿಳಿಯುವುದು ಸಾಧ್ಯ. ಕೆಲವು ಸಲ ಅವರಿಗಿಂತ ಮೊದಲೇ.’

ಹಾಲು ಉಕ್ಕಿದ್ದು ನನಗೆ ನೆನಪಿಲ್ಲ. ಒಲೆ ತೊಳೆದದ್ದು ಯಾರು? ಅವಳೇ ಇರಬೇಕು, ಒಂದೇ ಕೈಯಲ್ಲಿ.

“ಬರೆದ್ಯಾ?” ಎಂದಳು.

“ಬರೆದೆ.”

“ಪೂರ್ತಿ?”

“ಪೂರ್ತಿ.”

“ಏನೂ ಸೇರಿಸಿಲ್ಲ ತಾನೇ?”

“ಇಲ್ಲ.” ನಿಜವಾಗಿಯೂ ಸೇರಿಸಿರಲಿಲ್ಲ. ಆ ಪುಟದಲ್ಲಿ ಒಂದು ಕಡೆಯೂ ಹೊಡೆದುಹಾಕಿರಲಿಲ್ಲ. ಕೆಳಗೆ ಎಂದಿನ ಹಾಗೆ ಬರೆದೆ: ‘ಇವೆಲ್ಲ ಅವಳದೇ ಮಾತುಗಳು. ನಾನು ಏನೂ ಸೇರಿಸಿಲ್ಲ.’

“ಕೊಡು ಇಲ್ಲಿ.”

ಹಾಳೆಯನ್ನು ಎಡಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನಿಧಾನವಾಗಿ ಓದಿದಳು. ಆಮೇಲೆ ಅದನ್ನು ನನ್ನ ಮುಂದೆ ಇಟ್ಟು, ಪುಟದ ನಡುವೆ ಬೆರಳಿಟ್ಟಳು. ಅಲ್ಲಿ ಎರಡು ಸಾಲಿನ ಶಾಯಿ ಕದಡಿ, ಅಂಗಿಯ ಗುಂಡಿಯಷ್ಟಗಲ ನೀಲಿ ಹರಡಿತ್ತು. ಕಾಗದ ಇನ್ನೂ ಒದ್ದೆ ಇತ್ತು.

“ಇದು ನಾನು ಹೇಳಿದ್ದಲ್ಲ,” ಎಂದಳು.

ನಾನು ಹಾಳೆ ನೋಡಿದೆ. ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು, ಪ್ಲಾಸ್ಟರಿನ ಕೈಯನ್ನು ನನ್ನ ಮಡಿಲ ಮೇಲಿಟ್ಟು. ಇಟ್ಟಿಗೆಯಷ್ಟು ಭಾರ ಇತ್ತು.

“ಬೇರೆ ಹಾಳೆಯಲ್ಲಿ ಬರೆದುಕೊಡ್ತೀನಿ ಕಣೇ.”

“ಬೇಡ. ಇರ್ಲಿ.”

ಪೆನ್ನು ತೆಗೆದುಕೊಂಡೆ. ‘ನಾನು ಏನೂ ಸೇರಿಸಿಲ್ಲ’ ಎಂಬುದರ ಮುಂದೆ ‘ಒಂದು ಕಡೆ ಬಿಟ್ಟು’ ಎಂದು ಬರೆದು, ಸಹಿ ಹಾಕಿದೆ.